ಕೋಟಿ ರೂಪಾಯಿಯ ಎಸ್‌ಯುವಿಗೆ ಬರೀ 2 ಲೀಟರ್ ಎಂಜಿನ್ ಸಾಕಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ವೋಲ್ವೋ ಎಕ್ಸ್‌ಸಿ90 ಟಿ8 ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡೋ ಬ್ಯಾಟರಿ, ಮೋಟಾರ್ ಇರೋದು) ಒಂದು ಕಣ್ಣಿಗೆ ಬಿದ್ದಿದೆ. ಏಳು ಸೀಟಿನ ಅಷ್ಟು ದೊಡ್ಡ ಮೈಗೆ ನಾಲ್ಕು ಸಿಲಿಂಡರಿನ 2 ಲೀಟರ್ ಎಂಜಿನ್ ಸಾಕಾ? 400 ಎಚ್‌ಪಿ ಅನ್ನೋದು ನಿಜವಾ? ಲೀಟರಿಗೆ 40ಕ್ಕೂ ಮೇಲೆ ಮೈಲೇಜ್ ಅಂತ ಬರೆದಿರೋದನ್ನ ನಂಬಬಹುದಾ?

ಮೊದಲೇ ಹೇಳಿಬಿಡ್ತೀನಿ. ಎಂಜಿನ್ ಸಾಕು. 400 ಎಚ್‌ಪಿ ನಿಜ, ಆದರೆ ಷರತ್ತು ಇದೆ. ಮೈಲೇಜ್ ಮಾತ್ರ ನಂಬಬೇಡಿ.

ನಾನಿರೋದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಅಂದರೆ ಈ ಗಾಡಿಯ ತವರಿನಲ್ಲೇ. ಕಂಪನಿಗೂ ನನಗೂ ಸಂಬಂಧ ಇಲ್ಲ, ನನ್ನದು ಬೇರೆ ಕೆಲಸ. ಇದೇ ಟಿ8ರ 2022ರ ಮಾದರಿಯನ್ನು ನಾನೂ ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ಚಳಿಗಾಲ ಓಡಿಸಿದ್ದೀನಿ. ತಗೊಳ್ಳೋ ಮುಂಚೆ ನಿಮ್ಮ ಹಾಗೆಯೇ ಸಿಲಿಂಡರ್ ಎಣಿಸ್ತಾ ಕೂತಿದ್ದೆ.

ಈ ಗಾಡಿಯನ್ನು ಅರ್ಥ ಮಾಡ್ಕೊಳ್ಳೋಕೆ ಬಾನೆಟ್ ಎತ್ತೋದಕ್ಕಿಂತ ಕೆಳಗೆ ಬಗ್ಗಿ ನೋಡೋದು ಒಳ್ಳೇದು. ಮಾಮೂಲಿ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರದ ತನಕ ಉದ್ದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್ ಹೋಗಿರುತ್ತೆ. ಟಿ8ರಲ್ಲಿ ಅದು ಇಲ್ಲವೇ ಇಲ್ಲ. ಶಾಫ್ಟ್ ಇರಬೇಕಾಗಿದ್ದ ನಡುವಿನ ಸುರಂಗದಲ್ಲಿ ಬ್ಯಾಟರಿ ಮಲಗಿದೆ. ಮುಂದಿನ ಚಕ್ರಗಳಿಗೆ ಪೆಟ್ರೋಲ್ ಎಂಜಿನ್, ಹಿಂದಿನ ಚಕ್ರಗಳಿಗೆ ಮೋಟಾರ್. ಒಂದೇ ಗಾಡಿಗೆ ಕಟ್ಟಿದ ಎರಡು ಎತ್ತು, ಆದರೆ ನೊಗ ಇಲ್ಲ. ಒಂದು ಮುಂದಿನಿಂದ ಎಳೆಯುತ್ತೆ, ಇನ್ನೊಂದು ಹಿಂದಿನಿಂದ ತಳ್ಳುತ್ತೆ. ಎರಡಕ್ಕೂ ನಡುವೆ ಇರೋದು ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು ಮತ್ತು ಒಂದಷ್ಟು ಸಾಫ್ಟ್‌ವೇರು. ಬ್ಯಾಟರಿ ಹೀಗೆ ನಡುವೆ ಇರೋದರಿಂದ ಮೂರನೇ ಸಾಲಿನ ಸೀಟಿಗೆ ಜಾಗ ಉಳೀತು, ಪಕ್ಕದಿಂದ ಗುದ್ದಿದರೂ ಬ್ಯಾಟರಿ ಪೆಟ್ಟು ಬೀಳೋ ಜಾಗದಿಂದ ದೂರ.

2014ರಲ್ಲಿ ಈ ಪೀಳಿಗೆಯ ಎಕ್ಸ್‌ಸಿ90 ತೋರಿಸಿದಾಗಲೇ ವೋಲ್ವೋ ಒಂದು ತೀರ್ಮಾನ ಮಾಡಿತ್ತು: ಇನ್ನು ಮುಂದೆ ನಾಲ್ಕು ಸಿಲಿಂಡರಿಗಿಂತ ಮೇಲೆ ಹೋಗಲ್ಲ. ಆರು, ಎಂಟು ಸಿಲಿಂಡರಿನ ಕೆಲಸವನ್ನು ಗಾಳಿ ತುಂಬಿಸಿ, ಕರೆಂಟ್ ಸೇರಿಸಿ ಮಾಡಿಸೋದು. ಮೊದಲ ಟಿ8ರ 1969 ಸಿಸಿ ಎಂಜಿನ್ನಿಗೆ ಸೂಪರ್‌ಚಾರ್ಜರೂ ಇತ್ತು, ಟರ್ಬೋನೂ ಇತ್ತು, ಎರಡೂ ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬೋ ಪಂಪುಗಳೇ. ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗೋದರಿಂದ ಕಾಲಿಟ್ಟ ತಕ್ಷಣ ಗಾಳಿ ಕೊಡುತ್ತೆ. ಟರ್ಬೋಗೆ ಹೊಗೆಯ ರಭಸ ಬೇಕು, ಎಚ್ಚರ ಆಗೋಕೆ ಸ್ವಲ್ಪ ಹೊತ್ತು. ಅದಕ್ಕೆ ಎಂಜಿನ್ ನಿಧಾನಕ್ಕೆ ತಿರುಗುವಾಗ ಸೂಪರ್‌ಚಾರ್ಜರ್, 3500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಹತ್ತಿರ ಬಂದಾಗ ಅದು ಬಿಟ್ಟುಕೊಟ್ಟು ಟರ್ಬೋ. ಹೀಗೆ 320 ಎಚ್‌ಪಿ ತೆಗೆದರು. ಹಿಂದಿನ ಮೋಟಾರ್ 87 ಎಚ್‌ಪಿ. ಕೂಡಿದರೆ 407. ನೀವು ಬೆಂಗಳೂರಲ್ಲಿ ನೋಡಿರೋದು ಬಹುಶಃ ಇದೇ.

ನನ್ನ ಹತ್ತಿರ ಇರೋದರಲ್ಲಿ ಲೆಕ್ಕ ಬೇರೆ. 2022ರ ಮಾದರಿಗೆ ಬ್ಯಾಟರಿಯಲ್ಲಿ ಸೆಲ್‌ಗಳ ಮೂರನೇ ಪದರ ಸೇರಿಸಿ 11.6 ಕಿಲೋವ್ಯಾಟ್ ಅವರ್ ಇದ್ದದ್ದನ್ನು 18.8 ಮಾಡಿದರು, ಹಿಂದಿನ ಮೋಟಾರನ್ನು 145 ಎಚ್‌ಪಿಗೆ ಏರಿಸಿದರು. ಎಂಜಿನ್ 310, ಒಟ್ಟು 455. ಮೋಟಾರೇ ಇಷ್ಟು ಗಟ್ಟಿಯಾದ ಮೇಲೆ ಕೆಳಗಿನ ವೇಗದಲ್ಲಿ ತಳ್ಳೋಕೆ ಸೂಪರ್‌ಚಾರ್ಜರ್ ಯಾಕೆ ಅಂತ ಆಮೇಲೆ ಅದನ್ನು ತೆಗೆದೇಬಿಟ್ಟರು. ನನಗೆ ಇದು ಇಷ್ಟವಾದ ಸಂಗತಿ. ಸಾಮಾನ್ಯವಾಗಿ ಪವರ್ ಹೆಚ್ಚಿಸೋದು ಅಂದರೆ ಸಾಮಾನು ಸೇರಿಸೋದು, ಇಲ್ಲಿ ಒಂದು ಸಾಮಾನೇ ಕಮ್ಮಿಯಾಯ್ತು.

ಈಗ ಷರತ್ತಿನ ವಿಷಯ: ಪೂರ್ತಿ ಬಲ ಸಿಗೋದು ಬ್ಯಾಟರಿಯಲ್ಲಿ ಚಾರ್ಜ್ ಇದ್ದಾಗ ಮಾತ್ರ. ಹೊಸ ಟಿ8ರ ಟಾರ್ಕ್, ಅಂದರೆ ತಿರುಗಿಸೋ ಬಲ, 709 ಎನ್‌ಎಂ ಅಂತ ಬರೀತಾರೆ. ಅದು ಎಂಜಿನ್ನಿನ 400, ಮೋಟಾರಿನ 309 ಎರಡನ್ನೂ ಕೂಡಿದ ಮೊತ್ತ. ಕೂಡೋದಕ್ಕೇನು, ಯಾರು ಬೇಕಾದರೂ ಕೂಡಬಹುದು. ಆದರೆ ಎಂಜಿನ್ನಿನ ಟಾರ್ಕ್ ಎಂಟು ಗೇರಿನ ಗೇರ್‌ಬಾಕ್ಸ್ ಹಾದು ಮುಂದಿನ ಚಕ್ರಕ್ಕೆ ಹೋಗುತ್ತೆ, ಮೋಟಾರಿನದ್ದು ಒಂದೇ ಗೇರಿನಲ್ಲಿ ಹಿಂದಿನ ಚಕ್ರಕ್ಕೆ. ಎರಡರ ಅನುಪಾತ ಬೇರೆ, ಶಿಖರ ಮುಟ್ಟುವ ವೇಗ ಬೇರೆ. ಹಾಗಾಗಿ 709 ಅನ್ನೋದು ಬ್ರೋಷರಿನ ಅಂಕಿ ಅಷ್ಟೇ. ರಸ್ತೆಗೆ ಬೇಕಾದ ಅಂಕಿ ಇನ್ನೊಂದಿದೆ. ಹೆಚ್ಚುಕಮ್ಮಿ 2.3 ಟನ್ ತೂಗುವ ಈ ಗಾಡಿ 0ಯಿಂದ 100 ಮುಟ್ಟೋಕೆ ಹಳೇ ಟಿ8ಗೆ 5.6 ಸೆಕೆಂಡ್, ಹೊಸದಕ್ಕೆ 5.3 ಸೆಕೆಂಡ್ ಅಂತ ಕಂಪನಿ ಹೇಳುತ್ತೆ. ಬ್ಯಾಟರಿ ತುಂಬಿದ್ದಾಗ ಅದು ಉತ್ಪ್ರೇಕ್ಷೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಬ್ಯಾಟರಿ ಇಳಿದಾಗ? ಪೂರ್ತಿ ಖಾಲಿ ಆಗೋಕೆ ಗಾಡಿ ಬಿಡಲ್ಲ, ಒಂದಿಷ್ಟು ಕಾಪಿಟ್ಟುಕೊಳ್ಳುತ್ತೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇನ್ನೊಂದು ಸಣ್ಣ ಮೋಟಾರ್ ಕೂತಿದೆ. ಎಂಜಿನ್ ಸ್ಟಾರ್ಟ್ ಮಾಡೋದೂ ಅದೇ, ಜನರೇಟರ್ ಆಗಿ ಕರೆಂಟ್ ಮಾಡೋದೂ ಅದೇ. ಹಿಂದಿನ ಚಕ್ರಕ್ಕೆ ಬಲ ಬೇಕಾದಾಗ ಅದು ಪೆಟ್ರೋಲನ್ನು ಕರೆಂಟ್ ಮಾಡಿ ಹಿಂದಕ್ಕೆ ಕಳಿಸುತ್ತೆ. ಅಂದರೆ ಪೆಟ್ರೋಲಿನಿಂದ ಕರೆಂಟ್, ಕರೆಂಟಿನಿಂದ ಮತ್ತೆ ಚಕ್ರ. ಎರಡು ಕಡೆ ಶಕ್ತಿ ಸೋರಿಕೆ. ನೇರ ಶಾಫ್ಟ್ ಇರೋ ಗಾಡಿಗೆ ಈ ತಾಪತ್ರಯ ಇಲ್ಲ. ಬಿಎಂಡಬ್ಲ್ಯು ಎಕ್ಸ್5ರ ಈಚಿನ ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಮೋಟಾರನ್ನು ಗೇರ್‌ಬಾಕ್ಸಿನ ಒಳಗೇ ಕೂರಿಸಿ, 3 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೊಟ್ಟು, ಶಾಫ್ಟ್ ಉಳಿಸಿಕೊಂಡಿದ್ದಾರೆ. ದಿನಾ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಿಸೋರಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಊರೊಳಗೆ ನನ್ನ ಓಟು ವೋಲ್ವೋಗೆ.

ಊರೊಳಗೆ ಹೇಗಿರುತ್ತೆ ಅಂದರೆ, ಬೆಳಿಗ್ಗೆ ಗಾಡಿ ಹತ್ತಿ ಸ್ಟಾರ್ಟ್ ಗುಂಡಿ ತಿರುಗಿಸ್ತೀನಿ, ಏನೂ ಆಗಲ್ಲ. ಡ್ಯಾಶಿನಲ್ಲಿ ಒಂದು ದೀಪ ಅಷ್ಟೇ. ಸ್ವೀಡನ್ನಿನ ಓರೆಫೋರ್ಸ್ ಕಂಪನಿಯ ಗಾಜಿನ ಗೇರ್ ಹಿಡಿ ಚಳಿಗಾಲದಲ್ಲಿ ಮಂಜುಗಡ್ಡೆ ಹಿಡಿದ ಹಾಗಿರುತ್ತೆ, ಕೈಗವಸು ಹಾಕ್ಕೊಂಡೇ ಮುಟ್ಟಬೇಕು (ಐಷಾರಾಮದ ಕರ್ಮ). ಗಾಡಿ ಸದ್ದಿಲ್ಲದೆ ಜಾರಿಕೊಂಡು ಹೊರಡುತ್ತೆ. ಆಫೀಸು 22 ಕಿಲೋಮೀಟರ್. ಹೋಗಿ ಬಂದರೆ 44. ಬೇಸಿಗೆಯಲ್ಲಿ ಅಷ್ಟೂ ಕರೆಂಟಿನಲ್ಲೇ ಮುಗಿದು ಇನ್ನೂ ಸ್ವಲ್ಪ ಮಿಕ್ಕಿರುತ್ತೆ. ಜನವರಿಯಲ್ಲಿ ಮೈನಸ್ 10 ಇದ್ದಾಗ ವಾಪಸ್ ಬರೋ ದಾರಿಯಲ್ಲಿ ಎಂಜಿನ್ ಎದ್ದುಬಿಡುತ್ತೆ. ಒಳಗೆ ಬೆಚ್ಚಗಿಡೋಕೂ ಅದೇ ಬ್ಯಾಟರಿ ತಾನೇ.

ಬರೀ ಕರೆಂಟಿನಲ್ಲಿ ಓಡೋ ಪ್ಯೂರ್ ಮೋಡಿನಲ್ಲಿ ಇದು ರಿಯರ್ ವೀಲ್ ಡ್ರೈವ್ ಗಾಡಿ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ನನಗೆ ಗೊತ್ತಾಗಿದ್ದು ನಮ್ಮ ಮನೆಯ ಏರಿನಲ್ಲಿ. ಹೊಸ ಹಿಮ ಬಿದ್ದಿತ್ತು, ಬಾಲ ಮೆಲ್ಲಗೆ ಎಡಕ್ಕೆ ವಾಲಿತು. ನಾಲ್ಕೂ ಚಕ್ರಕ್ಕೆ ಬಲ ಕೊಡೋ ಎಡಬ್ಲ್ಯುಡಿ ಮೋಡಿಗೆ ಹಾಕಿದೆ. ಮುಂದೆ ಎಂಜಿನ್ ಗುರ್ ಅಂತು, ಮೂತಿ ನೆಟ್ಟಗಾಯ್ತು, ಮೇಲೆ ಹತ್ತಿತು. ನೊಗ ಇಲ್ಲದ ಎತ್ತುಗಳು ಜೊತೆಗೂಡೋದನ್ನ ಸೀಟಿನಲ್ಲೇ ಕೂತು ನೋಡಿದ ಹಾಗಿತ್ತು. ಒಪ್ಪಂದ ಎಲ್ಲಾ ಸಲವೂ ಅಷ್ಟು ನಯವಾಗಿರಲ್ಲ, ಬಿಡಿ. ನಿಧಾನಕ್ಕೆ ಹೋಗ್ತಾ ಇದ್ದು ದಿಢೀರ್ ಅಂತ ಪೂರ್ತಿ ಕಾಲಿಟ್ಟರೆ ಹಿಂದಿನದು ಮೊದಲು ತಳ್ಳುತ್ತೆ, ಎಂಜಿನ್ ಎದ್ದು ಗೇರ್ ಹುಡುಕಿ ಒಂದು ಉಸಿರು ತಡವಾಗಿ ಸೇರಿಕೊಳ್ಳುತ್ತೆ.

ಮೈಲೇಜಿಗೆ ಬರೋಣ, ಅಸಲಿ ತಮಾಷೆ ಇರೋದು ಅಲ್ಲಿ. ಮೊದಲ ಟಿ8ಗೆ ಯುರೋಪಿನ ಹಳೇ ಪರೀಕ್ಷೆಯಲ್ಲಿ ಬಂದಿದ್ದು 100 ಕಿಲೋಮೀಟರಿಗೆ 2.1 ಲೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 47ರ ಮೇಲೆ. ಬೈಕಿನ ಮೈಲೇಜಿನ ಹತ್ತಿರ ಹತ್ತಿರ! ಯಾರೂ ಸುಳ್ಳು ಹೇಳಲಿಲ್ಲ, ಸೂತ್ರವೇ ಹಾಗಿತ್ತು. ತುಂಬಿದ ಬ್ಯಾಟರಿಯಲ್ಲಿ ಎಷ್ಟು ದೂರ ಹೋಗುತ್ತೋ ಅಷ್ಟು ಹೋಗು, ಅದು ಮುಗಿದ ಮೇಲೆ 25 ಕಿಲೋಮೀಟರ್ ಮಾತ್ರ ಎಂಜಿನ್ನಿನಲ್ಲಿ ಓಡು, ಆಮೇಲೆ ಮತ್ತೆ ಚಾರ್ಜ್ ಮಾಡ್ತೀಯ ಅಂತ ಇಟ್ಕೋ. ಇದು ಆ ಪರೀಕ್ಷೆಯ ನಿಯಮ. ಆ ಗಾಡಿ ಪರೀಕ್ಷೆಯಲ್ಲಿ ಕರೆಂಟಿನ ಮೇಲೆ 43 ಕಿಲೋಮೀಟರ್ ಹೋಗ್ತಿತ್ತು. 43ಕ್ಕೆ 25 ಸೇರಿಸಿ, 68 ಕಿಲೋಮೀಟರ್. ಪೆಟ್ರೋಲ್ ಸುಟ್ಟಿದ್ದು 25ಕ್ಕೆ, ಹಂಚಿದ್ದು 68ಕ್ಕೆ. 47 ಬರದೆ ಇನ್ನೇನು? ನಿಮ್ಮ ದಿನಚರಿ ಆ ಸೂತ್ರದ ಹಾಗೇ ಇದ್ದರೆ ನಿಮಗೂ ಅದರ ಹತ್ತಿರ ಬರಬಹುದು. ಇಲ್ಲದಿದ್ದರೆ ಇಲ್ಲ. ಯುರೋಪಿಯನ್ ಕಮಿಷನ್ 2024ರ ಮಾರ್ಚಿನಲ್ಲಿ ರಸ್ತೆಯ ಮೇಲಿನ ಕಾರುಗಳಿಂದಲೇ ತೆಗೆದ ಲೆಕ್ಕ ಬಿಡುಗಡೆ ಮಾಡಿತು. ಎಲ್ಲಾ ಕಂಪನಿಯ ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ ಸೇರಿಸಿ ನೋಡಿದರೆ, ಅವು ಬಿಡುವ ಇಂಗಾಲದ ಡೈಆಕ್ಸೈಡ್ ಆ ಹಳೇ ಪರೀಕ್ಷೆಯ ಜಾಗಕ್ಕೆ ಬಂದ ಹೊಸ ಪರೀಕ್ಷೆಯ ಅಂಕಿಗಿಂತಲೂ ಸರಾಸರಿ 3.5 ಪಟ್ಟು. ಕಾರಣ ಸರಳ, ಜನ ಅಂದುಕೊಂಡಷ್ಟು ಪ್ಲಗ್ ಹಾಕಲ್ಲ.

ನನ್ನದೇ ಉದಾಹರಣೆ ಕೊಡ್ತೀನಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಆಫೀಸಿಗೆ ಓಡಾಡೋದಷ್ಟೇ ಆದರೆ ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗುತ್ತೆ. ಅದೇ ಗಾಡಿಯಲ್ಲಿ ಫೆಬ್ರವರಿ ರಜೆಗೆ ನಾಲ್ಕು ಜನ, ಮೇಲೆ ಸ್ಕೀ ಡಬ್ಬ ಕಟ್ಟಿಕೊಂಡು ಸ್ಕೀ ಆಡೋ ಊರು ಸೇಲೆನ್‌ಗೆ ಹೋದಾಗ ಸುಮಾರು 450 ಕಿಲೋಮೀಟರ್ ದಾರಿಯಲ್ಲಿ ಲೀಟರಿಗೆ 11 ಬಂತು. ಮೊದಲ ನಲವತ್ತು ಕಿಲೋಮೀಟರ್ ಆದ ಮೇಲೆ ಅದು ಬರೀ ಭಾರದ ಪೆಟ್ರೋಲ್ ಗಾಡಿ.

ಬಂಕಿನ ಮಾತು ಬಂತಲ್ಲ. ಪೆಟ್ರೋಲ್ ಹಾಕಿಸೋಕೆ ಮುಚ್ಚಳ ಸೀದಾ ತೆಗೆಯೋಕಾಗಲ್ಲ. ಒಳಗಿರೋ ಗುಂಡಿ ಒತ್ತಿ ಕಾಯಬೇಕು, ಟ್ಯಾಂಕ್ ಸಿದ್ಧವಾಗ್ತಿದೆ ಅಂತ ಪರದೆ ಮೇಲೆ ಬರುತ್ತೆ. ಮಾಮೂಲಿ ಕಾರಿನಲ್ಲಿ ಟ್ಯಾಂಕಿನ ಆವಿಯನ್ನು ಇದ್ದಿಲಿನ ಡಬ್ಬಿ ಹೀರಿಟ್ಟುಕೊಂಡು ಎಂಜಿನ್ ಓಡುವಾಗ ಅದಕ್ಕೇ ಕುಡಿಸುತ್ತೆ. ಇಲ್ಲಿ ಎಂಜಿನ್ ವಾರಗಟ್ಟಲೆ ಮಲಗಿರುತ್ತೆ, ಕುಡಿಸೋದು ಯಾರಿಗೆ? ಅದಕ್ಕೆ ಆವಿಯನ್ನು ಟ್ಯಾಂಕಿನಲ್ಲೇ ಒತ್ತಡದಲ್ಲಿ ಕಟ್ಟಿಹಾಕಿ, ತೆಗೆಯುವಾಗ ಒತ್ತಡ ಇಳಿಸ್ತಾರೆ. ಮೊದಲ ಸಲ ಹಿಂದೆ ನಿಂತವನು ಹಾರ್ನ್ ಹೊಡೆಯೋ ತನಕ ನಾನು ಆ ಗುಂಡಿ ಹುಡುಕ್ತಾ ಇದ್ದೆ.

ಸಸ್ಪೆನ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಈ ಎಕ್ಸ್‌ಸಿ90ಯ ಹಿಂದೆ, ಏರ್ ಸಸ್ಪೆನ್ಷನ್ ಹಾಕಿಸದೇ ಇದ್ದರೆ, ಇರೋದು ಅಡ್ಡಡ್ಡ ಕೂರಿಸಿದ ಒಂದೇ ಒಂದು ಕಮಾನು ಪಟ್ಟಿ. ಲಾರಿಯದ್ದೇ ಜಾತಿ, ಆದರೆ ಉಕ್ಕಲ್ಲ, ಗಾಜಿನ ನಾರಿನಲ್ಲಿ ಮಾಡಿದ್ದು. ಸುರುಳಿ ಸ್ಪ್ರಿಂಗಿಗಿಂತ ನಾಲ್ಕೂವರೆ ಕೆಜಿ ಹಗುರ. ನಮ್ಮ ಹಳ್ಳಗಳಿಗೆ ಏರ್ ಸಸ್ಪೆನ್ಷನ್ ಇರೋದೇ ವಾಸಿ, ರಿಪೇರಿ ಬಂದರೆ ಮಾತ್ರ ಜೇಬು ಹಗುರ.

ಇನ್ನು ನಿಮ್ಮ ಬೆಂಗಳೂರಿನ ಗಾಡಿ. ಭಾರತಕ್ಕೆ ಟಿ8 ಬಂದಿದ್ದು 2016ರಲ್ಲಿ, ಹಿಂದೆ ಎರಡೇ ಕುರ್ಚಿ ಇರೋ ನಾಲ್ಕು ಸೀಟಿನ ಎಕ್ಸಲೆನ್ಸ್ ಆಗಿ, 1.25 ಕೋಟಿಗೆ. ಆಮೇಲೆ ಏಳು ಸೀಟಿನ ಇನ್‌ಸ್ಕ್ರಿಪ್ಷನ್ ಬಂತು. 2017ರಿಂದ ಎಕ್ಸ್‌ಸಿ90 ಜೋಡಣೆ ನಮ್ಮ ಹೊಸಕೋಟೆಯಲ್ಲೇ ಶುರುವಾಯ್ತು. ಇವೆಲ್ಲ 2022ರ ಬದಲಾವಣೆಗೆ ಮುಂಚಿನವು, ಹಾಗಾಗಿ ನೀವು ನೋಡೋದು ಸಣ್ಣ ಬ್ಯಾಟರಿಯ 407 ಎಚ್‌ಪಿಯದ್ದೇ ಅಂತ ಇಟ್ಕೊಳ್ಳಿ. ವಯಸ್ಸಾದ ಬ್ಯಾಟರಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಎಸಿ ಎಲ್ಲಾ ಸೇರಿದರೆ ಬರೀ ಕರೆಂಟಿನಲ್ಲಿ 25 ಕಿಲೋಮೀಟರ್ ಬಂದರೆ ನಾನು ಖುಷಿ ಪಡ್ತೀನಿ. ಆದರೆ ಬ್ಯಾಟರಿ ಚಿಕ್ಕದು ಅನ್ನೋದೇ ಒಂದು ಅನುಕೂಲ. ಪಾರ್ಕಿಂಗಿನಲ್ಲಿ ಒಂದು 16 ಆಂಪಿಯರ್ ಸಾಕೆಟ್ ಸಿಕ್ಕರೂ ಸಂಜೆ ಹಾಕಿದ್ದು ಊಟ ಮುಗಿಸಿ ಮಲಗೋ ಹೊತ್ತಿಗೆ ತುಂಬಿರುತ್ತೆ. ಅಪಾರ್ಟ್‌ಮೆಂಟಿನಲ್ಲಿ ಆ ಸಾಕೆಟ್ಟಿಗೆ ಒಪ್ಪಿಗೆ ಲಿಖಿತವಾಗಿ ಸಿಗೋ ತನಕ ಅಡ್ವಾನ್ಸ್ ಕೊಡಬೇಡಿ. ತೆರಿಗೆಯಲ್ಲಿ ಎಲೆಕ್ಟ್ರಿಕ್ ಕಾರಿನ ಸವಲತ್ತು ಇದಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್, ಈ ಗಾತ್ರದ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರ್‌ನಿಂದ 40.

ನೋಡೋಕೆ ಹೋದಾಗ ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರಬೇಕು, ಬ್ಯಾಟರಿ ತುಂಬಿರಬೇಕು. ಪ್ಯೂರ್ ಮೋಡಿನಲ್ಲಿ ಓಡಿಸಿ ಎಂಜಿನ್ ಎಷ್ಟನೇ ಕಿಲೋಮೀಟರಿಗೆ ಎದ್ದಿತು ಅಂತ ಬರೆದುಕೊಳ್ಳಿ. ಹಿಂದಿನ ಮೋಟಾರಿನಿಂದ ಕೊಯ್ಯ್ ಅನ್ನೋ ಸದ್ದು ಬರ್ತಿದೆಯಾ ಅಂತ ಕಿಟಕಿ ಇಳಿಸಿ ಗೋಡೆ ಪಕ್ಕ ಓಡಿಸಿ ಕೇಳಿ. ಆಮೇಲೆ ಡಿಕ್ಕಿ ತೆಗೆದು ಚಾರ್ಜಿಂಗ್ ಕೇಬಲ್ ಕೇಳಿ. ಬ್ರಿಟನ್ನಿನಲ್ಲಿ ಕಂಪನಿಗಳು ವಾಪಸ್ ಕೊಟ್ಟ ಎಷ್ಟೋ ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಕೇಬಲ್ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ ಅಂತ ಸುದ್ದಿಯಾಗಿತ್ತು. ನಿಮಗೆ ತೋರಿಸೋ ಕೇಬಲ್ಲೂ ಹಾಗೇ ಹೊಳೀತಾ ಇದ್ದರೆ, ಅಷ್ಟು ವರ್ಷವೂ ಆ 2 ಲೀಟರ್ ಎಂಜಿನ್ ಒಂದೇ ಇಡೀ ಮೈಯನ್ನ ಎಳೆದಿದೆ ಅಂತ ಲೆಕ್ಕ ಹಾಕಿ ರೇಟು ಇಳಿಸಿ. ಕೊಳೆಯಾಗಿ, ತುದಿ ಸವೆದಿದ್ದರೆ ಧೈರ್ಯವಾಗಿ ಮಾತಿಗೆ ಕೂತ್ಕೊಳ್ಳಿ.