ಕಲ್ಲು ಓದುವವರಿಗೆ: ಭೂವಿಜ್ಞಾನ ಎಂ.ಎಸ್ಸಿ. ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ್ದೇನೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಸೇರಿದರೆ ಉಳಿದವರಿಗಿಂತ ಹಿಂದೆ ಬೀಳುತ್ತೇನೆಯೇ?

ಪ್ರವೇಶದ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ಅದನ್ನು ವಿಭಾಗದಲ್ಲೇ ಕೇಳಿಕೊಳ್ಳಿ. ಸೀಟು ಸಿಕ್ಕರೆ ಭೂಕಂಪದ ಅಲೆ, ಗುರುತ್ವ, ಕಾಂತತ್ವದ ಪಾಠಗಳಲ್ಲಿ ನಿಮ್ಮದೇ ಮೇಲುಗೈ. ಎಡವುವುದು ಖನಿಜ ಗುರುತಿಸುವಲ್ಲಿ. ಅದು ಕಣ್ಣಿಗೆ ರೂಢಿಯಾಗಬೇಕಾದ ವಿದ್ಯೆ. ಹತ್ತು ಪಟ್ಟಿನ ಲೆನ್ಸ್ ಒಂದನ್ನು ಇಟ್ಟುಕೊಂಡು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ, ಹಾರ್ನ್‌ಬ್ಲೆಂಡ್, ಕ್ಯಾಲ್ಸೈಟ್ ಇಷ್ಟನ್ನು ಮೊದಲು ಪಳಗಿಸಿಕೊಳ್ಳಿ. ಲೆನ್ಸ್ ಕಣ್ಣಿಗೆ ತಾಗುವಂತಿರಲಿ. ಕಲ್ಲನ್ನು ಅದರಿಂದ ಸುಮಾರು 2.5 ಸೆಂ.ಮೀ. ದೂರಕ್ಕೆ ತನ್ನಿ. ಕಲ್ಲನ್ನು ಹೊರಳಿಸಿದಾಗ ಸಪಾಟು ಮುಖ ಫಳಕ್ಕೆಂದರೆ ಫೆಲ್ಡ್‌ಸ್ಪಾರ್ ಇರಬಹುದು. ಕ್ವಾರ್ಟ್ಜ್ ಹಾಗೆ ಸೀಳುವುದಿಲ್ಲ, ಒಡೆದ ಗಾಜಿನಂತೆ ಕಾಣುತ್ತದೆ.

ಪ್ರಶ್ನೆ: ಗ್ರಾನೈಟಿನ ಥಿನ್ ಸೆಕ್ಷನ್ (ಗಾಜಿಗೆ ಅಂಟಿಸಿ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಪದರ) ನಾನೇ ತಯಾರಿಸಿದೆ. ಕ್ರಾಸ್ಡ್ ಪೋಲರ್‌ನಲ್ಲಿ (ಸೂಕ್ಷ್ಮದರ್ಶಕದ ಎರಡು ಧ್ರುವಕಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ನೋಡಿದಾಗ) ಕ್ವಾರ್ಟ್ಜ್ ಹಳದಿ, ಒಂದು ಅಂಚಿನಲ್ಲಿ ಕಿತ್ತಳೆ. ಅಲ್ಲಲ್ಲಿ ಕಪ್ಪು ಅಂಚಿನ ದುಂಡು ಕಲೆಗಳು. ತಪ್ಪಿದ್ದೆಲ್ಲಿ?

ಸೆಕ್ಷನ್ ದಪ್ಪವಾಗಿದೆ, ಸಾಲದ್ದಕ್ಕೆ ಓರೆಯಾಗಿಯೂ ಇದೆ. ಇರಬೇಕಾದ ದಪ್ಪ 30 ಮೈಕ್ರಾನ್, ಅಂದರೆ 0.03 ಮಿ.ಮೀ. ಕ್ವಾರ್ಟ್ಜ್‌ನ ಬೈರಿಫ್ರಿಂಜೆನ್ಸ್ (ಅದರೊಳಗೆ ಎರಡಾಗಿ ಸೀಳುವ ಬೆಳಕಿನ ಎರಡು ವಕ್ರೀಭವನ ಸೂಚ್ಯಂಕಗಳ ವ್ಯತ್ಯಾಸ) ಗರಿಷ್ಠ 0.009. ಅದನ್ನು ದಪ್ಪದಿಂದ ಗುಣಿಸಿದರೆ 270 ನ್ಯಾನೋಮೀಟರ್: ಬೂದಿಯಿಂದ ಬಿಳಿಯವರೆಗಿನ ಬಣ್ಣ. ದಪ್ಪ 50 ಮೈಕ್ರಾನ್ ಆದರೆ ಅದೇ ಲೆಕ್ಕ 450ಕ್ಕೆ ಏರುತ್ತದೆ. ನಿಮ್ಮ ಕಿತ್ತಳೆ ಬಂದದ್ದು ಅಲ್ಲಿಂದ.

ಗಾಜಿನ ಹಲಗೆಯ ಮೇಲೆ 1000 ಗ್ರಿಟ್‌ನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು) ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ನೀರಲ್ಲಿ ಕಲಸಿ, ಬೆರಳ ಒತ್ತಡ ಕಿತ್ತಳೆ ಅಂಚಿನ ಮೇಲೆ ಬೀಳುವಂತೆ ಉಜ್ಜಿ. ನಾಲ್ಕೈದು ಸುತ್ತಿಗೊಮ್ಮೆ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕೊನೆಯ 10 ಮೈಕ್ರಾನ್ ಕಣ್ಣು ಮಿಟುಕಿಸುವುದರಲ್ಲಿ ಸವೆಯುತ್ತದೆ. ಆಮೇಲೆ ಉಳಿಯುವುದು ಬರೀ ಗಾಜು. ಹಿಂದಿನ ಒರಟು ಪುಡಿಯ ಒಂದೇ ಕಣ ಉಳಿದಿದ್ದರೂ ಗೀರು ಬೀಳುತ್ತದೆ, ಹಾಗಾಗಿ ಗ್ರಿಟ್ ಬದಲಿಸುವಾಗಲೆಲ್ಲ ಸ್ಲೈಡು, ಹಲಗೆ, ಕೈ ಮೂರನ್ನೂ ತೊಳೆಯಿರಿ.

ದುಂಡು ಕಲೆಗಳು ಕಲ್ಲನ್ನು ಗಾಜಿಗೆ ಅಂಟಿಸುವ ಎಪಾಕ್ಸಿಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು. ಗಟ್ಟಿಯಾದ ಮೇಲೆ ಅದಕ್ಕೆ ಮದ್ದಿಲ್ಲ. ಗುಳ್ಳೆಯ ಮೇಲಿನ ಕಲ್ಲಿಗೆ ಆಧಾರವಿಲ್ಲದ್ದರಿಂದ ಉಜ್ಜುವಾಗ ಕಿತ್ತು ಬರುತ್ತದೆ. ಮುಂದಿನ ಸಲ ಕಲ್ಲಿನ ತುಂಡನ್ನು ಹಾಟ್‌ಪ್ಲೇಟಿನ ಮೇಲೆ ಪೂರ್ತಿ ಒಣಗಿಸಿ, ಎಪಾಕ್ಸಿ ಹಚ್ಚಿ ಗಾಜಿನ ಮೇಲೆ ಒಂದು ಅಂಚಿನಿಂದ ಓರೆಯಾಗಿ ಇಳಿಸಿ, ಮೆಲ್ಲಗೆ ಸುತ್ತಿಸುತ್ತ ಗಾಳಿ ಹೊರದೂಡಿ.

ಸುಣ್ಣಕಲ್ಲಿಗೆ ಈ ಬಣ್ಣದ ಉಪಾಯ ನಡೆಯದು. ಕ್ಯಾಲ್ಸೈಟ್ ಸರಿಯಾದ ದಪ್ಪದಲ್ಲೂ ಮುತ್ತಿನಂಥ ಮಾಸಲು ಬಣ್ಣವನ್ನೇ ತೋರುತ್ತದೆ. ಸ್ಲೈಡಿನ ಮೂಲೆಯಲ್ಲಿ ಕ್ವಾರ್ಟ್ಜ್ ಚೂರೊಂದನ್ನು ಜೊತೆಗೇ ಅಂಟಿಸಿದರೆ ಅದೇ ಅಳತೆಗೋಲು.

ಪ್ರಶ್ನೆ: ಪ್ರಾಜೆಕ್ಟ್‌ಗೆ 40 ಮಾದರಿ ತಂದು ರಾಸಾಯನಿಕ ವಿಶ್ಲೇಷಣೆಗೆ ಕಳಿಸಬೇಕೆಂದಿದ್ದೇನೆ. ಸಾಕಾಗುತ್ತದೆಯೇ?

ಪ್ರಶ್ನೆ ಏನೆಂದು ತಿಳಿಯದೆ ಲೆಕ್ಕ ಹೇಳುವುದು ಹೇಗೆ? ಉಪಕರಣ ಇದೆಯೆಂದು ಮಾದರಿ ಹೊತ್ತು ತರುವುದು ನಮ್ಮ ಪ್ರಕಾರ ತಲೆಕೆಳಗಾದ ಕ್ರಮ. ಮೊದಲು ನಕ್ಷೆ, ಆಮೇಲೆ ಥಿನ್ ಸೆಕ್ಷನ್, ಅದರಲ್ಲಿ ತಾಜಾ ಎಂದು ಕಂಡವನ್ನಷ್ಟೇ ವಿಶ್ಲೇಷಣೆಗೆ ಕಳಿಸಿ. ಕಲ್ಲು ಶಿಥಿಲಗೊಂಡಿದ್ದರೆ ಸೋಡಿಯಂ, ಕ್ಯಾಲ್ಸಿಯಂ ಕರಗಿ ಹೋಗಿರುತ್ತವೆ. ಅಂಥ ಅಂಕಿಗಳನ್ನು ಗ್ರಾಫಿಗೇರಿಸಿ ಶಿಲಾರಸದ ಕಥೆ ಹೇಳಲಾಗದು. ಬಿರುಕುಗಳ ಮೇಲೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ನೋಡಿ. ಬುರುಗು ಬಂದರೆ ಕ್ಯಾಲ್ಸೈಟ್ ಆಮೇಲೆ ಸೇರಿದೆ, ಆ ಭಾಗವನ್ನು ಕತ್ತರಿಸಿ ತೆಗೆಯಿರಿ.

ಕಣ ದೊಡ್ಡದಾದಷ್ಟೂ ಮಾದರಿ ದೊಡ್ಡದಾಗಬೇಕು. ನುಣುಪು ಬಸಾಲ್ಟಿಗೆ ಒಂದು ಕಿಲೋ ಧಾರಾಳ. ಹೆಬ್ಬೆರಳುಗಾತ್ರದ ಫೆಲ್ಡ್‌ಸ್ಪಾರ್ ಇರುವ ಗ್ರಾನೈಟಿಗೆ ಹಲವು ಕಿಲೋ ಬೇಕು. ಪದರವಿರುವ ಕಲ್ಲಾದರೆ ಒಡೆಯುವ ಮೊದಲೇ ಸ್ಟ್ರೈಕ್ ಗೆರೆ (ಪದರದ ಮೇಲಿನ ಸಮತಲ ಗೆರೆಯ ದಿಕ್ಕು), ಡಿಪ್‌ನ (ಪದರ ಇಳಿಯುವ ಓರೆಯ) ಬಾಣ ಕಲ್ಲಿನ ಮೇಲೆ ಬರೆದುಕೊಳ್ಳಿ. ಕೋನ ಅಳೆಯುವಾಗ ಸುತ್ತಿಗೆ ದೂರವಿರಲಿ, ಅದರ ಕಬ್ಬಿಣ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ.

ಪುಡಿ ಮಾಡುವ ಮಿಲ್ ಯಾವುದರದ್ದೆಂದು ಪ್ರಯೋಗಾಲಯದಲ್ಲಿ ಮೊದಲೇ ಕೇಳಿ. ಟಂಗ್‌ಸ್ಟನ್ ಕಾರ್ಬೈಡ್ ಆದರೆ ಟಂಗ್‌ಸ್ಟನ್, ಕೋಬಾಲ್ಟ್ ಮಾದರಿಗೆ ಬೆರೆಯುತ್ತವೆ. ಆ ಧಾತುಗಳೇ ನಿಮಗೆ ಬೇಕಿದ್ದರೆ ಅಗೇಟ್ (ಗಟ್ಟಿಯಾದ ಒಂದು ಬಗೆಯ ಕ್ವಾರ್ಟ್ಜ್) ಮಿಲ್ ಕೇಳಿ. ಪ್ರತಿ ಮಾದರಿಯಲ್ಲೂ ಒಂದು ತುಂಡು ಪುಡಿಯಾಗದೆ ನಿಮ್ಮ ಬಳಿ ಉಳಿಯಲಿ.