ಓರ್ಕಾ ತಿಮಿಂಗಿಲದ ಹಲ್ಲು ಬೇಟೆಗೆ ಹೇಗೆ ಒಗ್ಗುತ್ತದೆ?

ಓರ್ಕಾ ಹಲ್ಲಿಗೆ ಶಾರ್ಕ್ ಹಲ್ಲಿನ ಹಾಗೆ ಗರಗಸದ ಅಂಚಿಲ್ಲ. ದಪ್ಪ ಗೂಟದಂತಿದ್ದು, ತುದಿ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಬಾಯಲ್ಲಿ ಒಟ್ಟು 40ರಿಂದ 56 ಹಲ್ಲು. ದೊಡ್ಡವು ಸುಮಾರು 10 ಸೆಂ.ಮೀ. ಉದ್ದ. ಬೇರು ದವಡೆಯೊಳಗೆ ಆಳಕ್ಕೆ ಇಳಿದಿರುತ್ತದೆ, ಹಾಗಾಗಿ ಸೀಲ್ ಎಷ್ಟೇ ಒದ್ದಾಡಿದರೂ ಹಿಡಿತ ತಪ್ಪುವುದು ಕಷ್ಟ.

ಬಾಯಿ ಮುಚ್ಚಿದಾಗ ಮೇಲಿನ ಹಲ್ಲುಗಳು ಕೆಳಗಿನವುಗಳ ಸಂದಿಯಲ್ಲಿ ಕೂರುತ್ತವೆ, ಜಿಪ್ ಎಳೆದ ಹಾಗೆ. ಇದೆಲ್ಲ ಹಿಡಿಯಲು, ಹರಿಯಲು ಮಾತ್ರ. ಅಗಿಯುವ ಕೆಲಸವೇ ಇಲ್ಲ! ಸಣ್ಣ ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ದೊಡ್ಡದಾದರೆ ಕಚ್ಚಿ, ತಲೆ ಒದರಿ ತುಂಡು ಕೀಳುತ್ತದೆ.

ಆದರೆ ನನಗೆ ಜಾಸ್ತಿ ಕುತೂಹಲ ಅನ್ನಿಸುವುದು ಹಲ್ಲಿನ ಸವೆತ. ಶಾರ್ಕ್‌ಗೆ ಹಲ್ಲು ಬಿದ್ದರೆ ಮತ್ತೆ ಬರುತ್ತದೆ, ಓರ್ಕಾಗೆ ಜೀವನಪೂರ್ತಿ ಒಂದೇ ಸೆಟ್. ಉತ್ತರ ಪೆಸಿಫಿಕ್‌ನಲ್ಲಿ ತೀರದಿಂದ ದೂರ ಇರುವ ಒಂದು ಬಗೆಯ ಓರ್ಕಾಗಳು ಶಾರ್ಕ್‌ಗಳನ್ನೇ ತಿನ್ನುತ್ತವೆ. ಶಾರ್ಕ್ ಚರ್ಮ ಮುಟ್ಟಿದರೆ ಸ್ಯಾಂಡ್‌ಪೇಪರ್, ಅಲ್ವಾ? ಅದನ್ನು ಕಚ್ಚಿ ಕಚ್ಚಿ ಇವುಗಳ ಹಲ್ಲು ಒಸಡಿನ ಮಟ್ಟಕ್ಕೆ ಸವೆದು ಹೋಗಿರುತ್ತದೆ. ಆದರೂ ಬೇಟೆ ನಿಲ್ಲುವುದಿಲ್ಲ.