ಕರಿಯರ್ ಡೇಗೆ ಕರೆ ಬಂದಿದೆಯಾ? ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಹೋಗಿ

ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾಗಿದೆ, ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದಾಳೆ, ಕರಿಯರ್ ಡೇ ದಿನ ಬಂದು ನಿಮ್ಮ ಕೆಲಸದ ಬಗ್ಗೆ ಮಾತಾಡ್ತೀರಾ ಅಂತ ಟೀಚರ್ ಮೇಲ್ ಹಾಕಿದ್ದಾರೆ ಅಂದಿರಿ. ಸಾಫ್ಟ್‌ವೇರ್ ಟೆಸ್ಟಿಂಗ್ ಅನ್ನುವುದನ್ನು ಐದು ವರ್ಷದ ಮಕ್ಕಳಿಗೆ ಹೇಗೆ ಹೇಳುವುದು, ಉಚ್ಚಾರಣೆಗೆ ನಕ್ಕರೆ ಏನು ಮಾಡುವುದು, ವೀಸಾಕ್ಕೇನಾದರೂ ತೊಂದರೆಯಾ ಅಂತಲೂ ಕೇಳಿದ್ದೀರಿ.

ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಮಗಳ ತರಗತಿಗೆ ಹೋಗಿ ದುಡ್ಡು ತೆಗೆದುಕೊಳ್ಳದೆ ಹದಿನೈದು ನಿಮಿಷ ಮಾತಾಡಿ ಬರುವುದು ಉದ್ಯೋಗವಲ್ಲ. ಧೈರ್ಯವಾಗಿ ಹೋಗಿ.

ಒಂದು ಗೊಂದಲ ಬೇಡ. ಏಪ್ರಿಲ್‌ನ ನಾಲ್ಕನೇ ಗುರುವಾರ ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋಗುವ ದಿನವೇ ಬೇರೆ. ಅದು 1993ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾಯಿತು, 2003ರಲ್ಲಿ ಗಂಡುಮಕ್ಕಳನ್ನೂ ಸೇರಿಸಿದರು. ಕರಿಯರ್ ಡೇ ಹಾಗಲ್ಲ, ಅದಕ್ಕೆ ದೇಶಕ್ಕೆಲ್ಲ ಒಂದೇ ತಾರೀಖು ಅಂತಿಲ್ಲ, ಶಾಲೆಯವರೇ ಇಟ್ಟುಕೊಳ್ಳುತ್ತಾರೆ. ಸಣ್ಣ ತರಗತಿಗಳಲ್ಲಿ ಇದು ಸಾಮಾನ್ಯವಾಗಿ 'ಕಮ್ಯುನಿಟಿ ಹೆಲ್ಪರ್ಸ್' ಪಾಠದ ಜೊತೆ ಬರುತ್ತದೆ. ಅಂಚೆಯವರು, ಫೈರ್‌ಫೈಟರ್, ನರ್ಸ್ ಬಗ್ಗೆ ಓದಿರುವ ಮಕ್ಕಳು 'ನೀವು ಯಾರಿಗೆ ಸಹಾಯ ಮಾಡ್ತೀರಿ?' ಅಂತ ಕೇಳುತ್ತಾರೆ. ಅದಕ್ಕೊಂದು ಉತ್ತರ ಮನಸ್ಸಲ್ಲಿ ಇಟ್ಟುಕೊಂಡಿರಿ.

ಟೀಚರ್‌ಗೆ ಒಪ್ಪಿಗೆ ಬರೆಯುವಾಗಲೇ ನಾಲ್ಕು ವಿಷಯ ಕೇಳಿ: ಎಷ್ಟು ನಿಮಿಷ, ಒಂದೇ ತರಗತಿಯೋ ಸರದಿಯೋ, ಎಷ್ಟು ಮಕ್ಕಳು, ಮೊದಲೇ ಫಾರಂ ತುಂಬಬೇಕೋ. ಕೊನೆಯದು ಮುಖ್ಯ. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ (ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ವಾಲಂಟಿಯರ್ ಅರ್ಜಿ, ಹಿನ್ನೆಲೆ ಪರಿಶೀಲನೆ ಎಲ್ಲ ಆಗದೆ ಒಳಗೆ ಬಿಡುವುದಿಲ್ಲ, ಅದಕ್ಕೆ ದಿನಗಳೇ ಹಿಡಿಯುತ್ತವೆ. ಸರದಿ ಅಂದರೆ ಅದೇ ಮಾತನ್ನು ನಾಲ್ಕೈದು ತರಗತಿಗೆ ಹೇಳಬೇಕು, ಮೂರನೆಯದರ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ನೀರು ಇಟ್ಟುಕೊಳ್ಳಿ. ಆ ದಿನ ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು. ಇಲ್ಲಿನ ಲೈಸೆನ್ಸ್ ಇನ್ನೂ ಆಗಿಲ್ಲದಿದ್ದರೆ ಪಾಸ್‌ಪೋರ್ಟ್ ಒಯ್ಯಿರಿ. ಶಾಲೆಯ ಆಫೀಸಿನಲ್ಲಿ ಕೊಡುವ ವಿಸಿಟರ್ ಸ್ಟಿಕ್ಕರ್ ಎದೆ ಮೇಲೆ ಕಾಣುವ ಹಾಗೆ ಅಂಟಿಸಿಕೊಳ್ಳಬೇಕು, ಜಾಕೆಟ್ ಒಳಗಿದ್ದರೆ ಕಾರಿಡಾರ್‌ನಲ್ಲೇ ತಡೆಯುತ್ತಾರೆ.

ಈಗ ಮಾತಿನ ವಿಷಯ. ಎಲ್ಲರೂ ಎಡವುವುದು ಕೆಲಸವನ್ನು ವಿವರಿಸಲು ಹೋಗಿ. 'ಕ್ಲೈಂಟ್', 'ಪ್ರಾಜೆಕ್ಟ್', 'ರಿಲೀಸ್' ಎಂಬ ಮೂರು ಮಾತು ಬಂದರೆ ಸಾಕು, ಹಿಂದಿನ ಸಾಲು ಶೂ ಲೇಸ್ ಬಿಚ್ಚಲು ಶುರು ಮಾಡಿರುತ್ತದೆ. ಸ್ಲೈಡ್ ಬೇಡವೇ ಬೇಡ: ಶಾಲೆಯ ವೈಫೈ ಹೊರಗಿನ ಲ್ಯಾಪ್‌ಟಾಪ್‌ಗೆ ಸುಲಭಕ್ಕೆ ಸಿಗುವುದಿಲ್ಲ, ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಬುಲೆಟ್ ಪಾಯಿಂಟ್ ಯಾಕೆ? ನಿಮ್ಮ ಕೆಲಸದಲ್ಲಿರುವ ಒಂದೇ ಒಂದು ಕ್ರಿಯೆ ಆರಿಸಿ, ಅದನ್ನು ಮಕ್ಕಳ ಕೈಯಲ್ಲಿ ಮಾಡಿಸಿ.

ಟೆಸ್ಟರ್‌ಗೆ ರೋಬೋ ಆಟ ಹೇಳಿ ಮಾಡಿಸಿದಂತಿದೆ. ರೋಬೋ ನೀವೇ ಆಗಿ, ಮಗುವನ್ನು ಆರಿಸಿದರೆ ಉಳಿದ ಇಪ್ಪತ್ತು ಜನ 'ನಾನು, ನಾನು' ಅಂತ ಎದ್ದು ನಿಲ್ಲುತ್ತಾರೆ. ಬಲ ಭುಜಕ್ಕೆ ಕೆಂಪು ಸ್ಟಿಕ್ಕರ್, ಎಡ ಭುಜಕ್ಕೆ ನೀಲಿ ಅಂಟಿಸಿಕೊಳ್ಳಿ. ಈ ವಯಸ್ಸಿಗೆ ಎಡ-ಬಲ ಇನ್ನೂ ಗಟ್ಟಿಯಾಗಿರುವುದಿಲ್ಲ, ಎದುರು ನಿಂತವರ ಎಡ-ಬಲವಂತೂ ದೊಡ್ಡವರಿಗೇ ತಪ್ಪುತ್ತದೆ. ಅದಕ್ಕೆ 'ಬಲಕ್ಕೆ ತಿರುಗು' ಬದಲು 'ಕೆಂಪು ಕಡೆ ತಿರುಗು' ಅನ್ನಿಸಿ. ನೀವು ನಿಂತ ಜಾಗದಿಂದ ಮೂರು ಹೆಜ್ಜೆ ಮುಂದೆ, ಅಲ್ಲಿಂದ ಕೆಂಪು ಕಡೆ ಎರಡು ಹೆಜ್ಜೆ ದೂರದ ಕುರ್ಚಿ ಮೇಲೆ ಒಂದು ಪೆನ್ಸಿಲ್ ಬಾಕ್ಸ್ ಇಡಿ. ಐದು ದೊಡ್ಡ ಕಾರ್ಡಿನಲ್ಲಿ ಬಾಣ ಮತ್ತು ಅಂಕಿ ಮಾತ್ರ ಬರೆದು, ಒಂದೊಂದನ್ನು ಒಂದೊಂದು ಮಗುವಿಗೆ ಕೊಡಿ: ಮೂರು ಹೆಜ್ಜೆ, ತಿರುಗು, ಎರಡು ಹೆಜ್ಜೆ, ಬಗ್ಗು, ಎತ್ತು. 'ತಿರುಗು' ಕಾರ್ಡಿಗೆ ಬೇಕೆಂದೇ ನೀಲಿ ಬಣ್ಣ ಹಾಕಿರಿ, ಕೆಂಪು ಬಣ್ಣದ್ದೊಂದನ್ನು ಬೇರೆ ಎತ್ತಿಟ್ಟುಕೊಂಡಿರಿ.

ಕಾರ್ಡ್ ಹೇಳಿದ್ದನ್ನಷ್ಟೇ ಮಾಡಿ. ತಪ್ಪು ಕಡೆ ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತು ಗಾಳಿಯಲ್ಲಿ ಏನೋ ಎತ್ತಿದಂತೆ ಮಾಡಿ. ಕೂಗು ಎದ್ದೇ ಏಳುತ್ತದೆ. ಯಾವ ಕಾರ್ಡ್ ತಪ್ಪು ಅಂತ ಅವರೇ ಹುಡುಕಲಿ, ಕೆಂಪು ಕಾರ್ಡಿಗೆ ಬದಲಾಯಿಸಲಿ, ಮತ್ತೆ ಮೊದಲಿನಿಂದ ನಡೆಯಿರಿ. ಆಮೇಲೆ ಎರಡೇ ವಾಕ್ಯ: 'ಈ ತಪ್ಪಿಗೆ ಬಗ್ ಅಂತಾರೆ. ಜನ ಗೋಡೆಗೆ ಗುದ್ದಿಕೊಳ್ಳುವ ಮೊದಲೇ ಬಗ್ ಹುಡುಕುವುದು ನನ್ನ ಕೆಲಸ.' ಯಾರಿಗೆ ಸಹಾಯ ಅನ್ನುವ ಪ್ರಶ್ನೆಗೂ ಇದೇ ಉತ್ತರ.

ಹದಿನೈದು ನಿಮಿಷದಲ್ಲಿ ಪರಿಚಯಕ್ಕೆ ಒಂದು, ಆಟಕ್ಕೆ ಎಂಟು, ಉಳಿದದ್ದು ಪ್ರಶ್ನೆಗೆ. ಮಕ್ಕಳು ಚಾಪೆ ಮೇಲೆ ಕೂತಿರುತ್ತಾರೆ, ಪರಿಚಯ ಹೇಳುವಾಗ ನೀವೂ ಗಿಡ್ಡ ಕುರ್ಚಿಯಲ್ಲಿ ಕೂರಿ. ನಿಂತರೆ ಅವರಿಗೆ ಕಾಣುವುದು ನಿಮ್ಮ ಮೊಣಕಾಲು. ಒಂದೇ ವಸ್ತುವನ್ನು ಕೈಯಿಂದ ಕೈಗೆ ದಾಟಿಸಬೇಡಿ. ಅದು ಸುತ್ತಿ ಬರುವವರೆಗೆ ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ. ನೀವೇ ಹಿಡಿದು ಸಾಲಿನ ಮುಂದೆ ನಡೆಯಿರಿ. ಕೊಡುವುದಿದ್ದರೆ ಸ್ಟಿಕ್ಕರ್ ಅಥವಾ ಪೆನ್ಸಿಲ್, ಅದೂ ಹೊರಡುವಾಗ ಟೀಚರ್ ಕೈಗೆ. ತಿಂಡಿ ಬೇಡ, ನಟ್ಸ್ ಅಲರ್ಜಿ ಇರುವ ಮಕ್ಕಳಿರುತ್ತಾರೆ. ಲೇಟೆಕ್ಸ್ ಅಲರ್ಜಿ ಇರುವವರೂ ಇರಬಹುದು, ಆದ್ದರಿಂದ ಬಲೂನೂ ಬೇಡ.

ಪ್ರಶ್ನೆ ಕೇಳಿ ಅಂದರೆ ಎತ್ತಿದ ಕೈಗಳಲ್ಲಿ ಅರ್ಧ ಕತೆ ಹೇಳುವುದಕ್ಕೆ: 'ನಮ್ಮನೇಲಿ ಬೆಕ್ಕಿದೆ.' 'ಇದು ಪ್ರಶ್ನೆನಾ, ಕತೆನಾ?' ಅಂತ ನಗುತ್ತಾ ಕೇಳಿ, ಟೀಚರ್‌ಗಳೂ ಹಾಗೇ ಕೇಳುತ್ತಾರೆ. ಸಂಬಳ ಎಷ್ಟು ಅಂತ ಯಾರಾದರೂ ಕೇಳಬಹುದು. 'ಮನೆ ಬಾಡಿಗೆ, ಊಟಕ್ಕೆ ಆಗುವಷ್ಟು' ಅಂದರೆ ಆಯಿತು. ಉಚ್ಚಾರಣೆಗೆ ನಗುವುದಕ್ಕಿಂತ 'ನೀವ್ಯಾಕೆ ಹಾಗೆ ಮಾತಾಡ್ತೀರಿ?' ಅಂತ ನೇರವಾಗಿ ಕೇಳುವವರೇ ಜಾಸ್ತಿ. ಅದು ಕುಹಕವಲ್ಲ. ಮನೆಯಲ್ಲಿ ಕನ್ನಡ ಮಾತಾಡ್ತೀವಿ ಅಂತ ಹೇಳಿ, 'ನಮಸ್ಕಾರ' ಹೇಳಿಕೊಟ್ಟು ಮುಂದೆ ಹೋಗಿ. ನಿಜವಾದ ತೊಂದರೆ ಉಚ್ಚಾರಣೆಯದ್ದಲ್ಲ, ನಮ್ಮ ವೇಗದ್ದು. ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳಿ.

ಮಗಳಿಗೆ ಹಿಂದಿನ ದಿನವೇ ಕಾರ್ಡ್ ಹಂಚುವ ಕೆಲಸ ಒಪ್ಪಿಸಿ. ಮನೆಯಲ್ಲಿ ಕುಣಿದವಳು ಅಲ್ಲಿ ನಾಚಿ ನಿಮ್ಮ ಕಾಲು ತಬ್ಬಿ ನಿಂತರೆ ಬಲವಂತ ಬೇಡ, ಕಾರ್ಡನ್ನು ಟೀಚರ್‌ಗೆ ಕೊಟ್ಟುಬಿಡಿ. ಮನೆಯ ಮುದ್ದಿನ ಹೆಸರು ಎಲ್ಲರೆದುರು ಕರೆಯಬೇಡಿ, ಮರುದಿನದಿಂದ ಅದೇ ಅವಳ ಹೆಸರಾಗುತ್ತದೆ. ಬೇರೆ ಮಕ್ಕಳ ಮುಖ ಕಾಣುವ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂತಿಲ್ಲ. ಬೇಕಿದ್ದರೆ ಮಕ್ಕಳು ಒಳಗೆ ಬರುವ ಮೊದಲು ಬೋರ್ಡ್ ಪಕ್ಕ ಅವಳೊಬ್ಬಳನ್ನು ನಿಲ್ಲಿಸಿ ತೆಗೆಯಿರಿ.

ನಿಮ್ಮ ಮನೆಯವರು ಎಚ್-4 (ಕೆಲಸದ ವೀಸಾದಲ್ಲಿ ಬಂದವರ ಸಂಗಾತಿಗೆ ಕೊಡುವ ವೀಸಾ) ಮೇಲೆ ಮನೆಯಲ್ಲಿದ್ದಾರೆ, ಅವರನ್ನು ಕರೆಯುವುದಿಲ್ಲವೇನೋ ಅಂತಲೂ ಬರೆದಿದ್ದಿರಿ. ಟೀಚರ್‌ಗೆ ಕೇಳಿ ನೋಡಿ, ಬೇಡ ಅನ್ನುವವರು ಕಡಿಮೆ. ಹೊಲಿಗೆ ಬಂದರೆ ಅಳತೆ ಟೇಪ್ ಒಂದೇ ಸಾಕು, ಐದು ಮಕ್ಕಳ ತೋಳಿನ ಉದ್ದ ಅಳೆದು ಬೋರ್ಡ್ ಮೇಲೆ ಗೀಟು ಎಳೆಯುವಷ್ಟರಲ್ಲಿ ಹದಿನೈದು ನಿಮಿಷ ಮುಗಿದಿರುತ್ತದೆ.